ರೆಂಬ್ರಾಂಟ್ ನೋಡಿ ಬರೆದ ಮೊಘಲರು

ಪ್ರಸಿದ್ಧ ಚಿತ್ರಕಾರನೊಬ್ಬನ ಪ್ರದರ್ಶನವೆಂದರೆ ಉದ್ದದ ಸಾಲು, ಟಿಕೆಟ್, ಸೆಲ್ಫಿ. ಅದರಿಂದ ವಿದ್ವತ್ತಿಗೇನು ಪ್ರಯೋಜನ ಎಂದು ಕೇಳುವವರಿದ್ದಾರೆ. ಇತಿಹಾಸದ ವಿದ್ಯಾರ್ಥಿಯಾಗಿ ನಾನು ಅವರಿಗೆ ಕೊಡುವ ಉತ್ತರ, 2018ರಲ್ಲಿ ಅಮೆರಿಕದ ಲಾಸ್ ಏಂಜಲಿಸ್‌ನ ಗೆಟ್ಟಿ ಮ್ಯೂಸಿಯಂನಲ್ಲಿ ನಡೆದ ರೆಂಬ್ರಾಂಟ್ ಪ್ರದರ್ಶನ.

ಹಾಲೆಂಡಿನ ರೆಂಬ್ರಾಂಟ್ (1606–1669) ಬರೋಕ್ ಯುಗದ ಅತ್ಯಂತ ಜನಪ್ರಿಯ ಚಿತ್ರಕಾರರಲ್ಲಿ ಒಬ್ಬ. ಅವನು ಭಾರತಕ್ಕೆ ಬಂದವನಲ್ಲ. ಆದರೆ ಡಚ್ ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರ ನಡೆಯುತ್ತಿದ್ದ ಆ ಕಾಲದಲ್ಲಿ ಮೊಘಲ್ ಚಿತ್ರಗಳು ಆಮ್‌ಸ್ಟರ್‌ಡ್ಯಾಮ್ ತಲುಪಿದ್ದವು. ಸುಮಾರು 1656ರಿಂದ 1661ರ ನಡುವೆ ಅವನು ಅವುಗಳನ್ನು ನೋಡಿ ರೇಖಾಚಿತ್ರಗಳನ್ನು ಬರೆದ. ಇಪ್ಪತ್ತಕ್ಕೂ ಹೆಚ್ಚು ಇಂದಿಗೂ ಉಳಿದಿವೆ. ಜಹಾಂಗೀರ್, ಷಹಜಹಾನ್, ದಾರಾ ಶಿಕೋ ಅವುಗಳಲ್ಲಿದ್ದಾರೆ.

ಈ ಚಿತ್ರಗಳು ಬೇರೆ ಬೇರೆ ದೇಶಗಳ ಸಂಗ್ರಹಗಳಲ್ಲಿ ಚದುರಿವೆ. ಕಾಗದದ ಮೇಲಿನ ಚಿತ್ರ ಬೆಳಕಿಗೆ ಹಾಳಾಗುವುದರಿಂದ ಅವನ್ನು ಸದಾ ಗೋಡೆಗೆ ತೂಗುಹಾಕುವಂತಿಲ್ಲ. ಹೀಗಾಗಿ ಅನೇಕವನ್ನು ಒಟ್ಟಿಗೆ ನೋಡಲು ಇಂಥ ಪ್ರದರ್ಶನವೇ ಬೇಕು. ಗೆಟ್ಟಿಯವರು ಅವುಗಳ ಜೊತೆಗೆ ಅದೇ ಬಗೆಯ ಮೊಘಲ್ ಚಿತ್ರಗಳನ್ನೂ ಇಟ್ಟರು.

ಅದರಿಂದ ಒಂದು ಹಳೆಯ ಅಭಿಪ್ರಾಯ ಪ್ರಶ್ನೆಗೊಳಗಾಯಿತು. ಮೊಘಲ್ ಚಿತ್ರಗಳು ನಿರ್ಜೀವ, ರೆಂಬ್ರಾಂಟ್ ಅವುಗಳಿಗೆ ಜೀವ ತುಂಬಿದ ಎನ್ನುವ ಮಾತು ಬಹುಕಾಲ ನಡೆದುಬಂದಿತ್ತು. ಅಕ್ಕಪಕ್ಕ ಇಟ್ಟು ನೋಡಿದರೆ ಬೇರೆಯೇ ಕಾಣುತ್ತದೆ. ಬಿರುಸಾದ ಗೀಟುಗಳಲ್ಲಿ ಚಿತ್ರ ಮುಗಿಸುತ್ತಿದ್ದ ಕಲಾವಿದ ಇಲ್ಲಿ ತನ್ನ ಕೈ ನಿಧಾನಿಸಿದ್ದಾನೆ. ಪೇಟ, ಉಡುಪು, ಆಭರಣಗಳನ್ನು ಸಣ್ಣ ಗೆರೆಗಳಲ್ಲಿ ಗಮನವಿಟ್ಟು ಬರೆದಿದ್ದಾನೆ. ಏಷ್ಯಾದಿಂದ ಬಂದ ದುಬಾರಿ ಕಾಗದವನ್ನು ಇದಕ್ಕಾಗಿ ಬಳಸಿದ್ದಾನೆ. ತಿದ್ದುವವನಿಗೆ ಇಷ್ಟು ತಾಳ್ಮೆ ಬೇಕಿಲ್ಲ. ಇದು ಕಲಿಯುವವನ ತಾಳ್ಮೆ.

ಆ ಕಲಿಕೆ ನಕಲಿಗೇ ನಿಲ್ಲಲಿಲ್ಲ. ಮರದಡಿ ನೆಲದ ಮೇಲೆ ಕುಳಿತ ನಾಲ್ವರು ಮುಸ್ಲಿಂ ವಿದ್ವಾಂಸರ ಅವನ ರೇಖಾಚಿತ್ರ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಇಬ್ರಾಹೀಮರ ಮನೆಗೆ ದೇವಚರರು ಅತಿಥಿಗಳಾಗಿ ಬಂದ ಬೈಬಲ್ ಪ್ರಸಂಗವನ್ನು ರೆಂಬ್ರಾಂಟ್ 1656ರಲ್ಲಿ ಅಚ್ಚುಚಿತ್ರವಾಗಿ ಮಾಡಿದ. ಅದರಲ್ಲಿ ಅತಿಥಿಗಳು ನೆಲದ ಮೇಲೆಯೇ ಕುಳಿತಿದ್ದಾರೆ. ಈ ಎರಡರ ನಂಟನ್ನು ಕಲಾ ಇತಿಹಾಸಕಾರರು ಗುರುತಿಸಿದ್ದಾರೆ.

ಗೆಳೆಯರೇ, ಯುರೋಪು ಕಲಿಸಿತು, ನಾವು ಕಲಿತೆವು ಎಂಬುದನ್ನು ನಾವು ಎಷ್ಟು ಸುಲಭವಾಗಿ ನಂಬುತ್ತೇವೆ! ಮೊಘಲ್ ಚಿತ್ರಕಾರರ ಮುಂದೆ ರೆಂಬ್ರಾಂಟ್ ವಿದ್ಯಾರ್ಥಿಯಾಗಿ ಕುಳಿತಿದ್ದ. ಅದನ್ನು ತೋರಿಸಿಕೊಟ್ಟ ಪ್ರದರ್ಶನಕ್ಕೆ ಸಾಲಿನಲ್ಲಿ ನಿಂತರೂ ನಷ್ಟವಿಲ್ಲ.