ನಾಯಿಯು ನೆಲಕ್ಕೆ ಹಿಂಭಾಗ ಉಜ್ಜುವುದೇಕೆ?

ಮನೆಯ ನಾಯಿಯು ಇದ್ದಕ್ಕಿದ್ದಂತೆ ಕುಳಿತು, ಹಿಂಗಾಲುಗಳನ್ನು ಮುಂದಕ್ಕೆ ಚಾಚಿ, ಹಿಂಭಾಗವನ್ನು ನೆಲಕ್ಕೆ ಉಜ್ಜುತ್ತ ತೆವಳುವುದನ್ನು ಕಂಡು ಮಕ್ಕಳು ಕೈತಟ್ಟಿ ನಗುವುದುಂಟು. ಹಿರಿಯರು ‘ಹೊಟ್ಟೆಯಲ್ಲಿ ಹುಳುವಾಗಿರಬೇಕು’ ಎಂದು ಹೇಳಿ ಸುಮ್ಮನಾಗುತ್ತಾರೆ. ಆದರೆ ಇದು ಆಟವೂ ಅಲ್ಲ, ಯಾವಾಗಲೂ ಹುಳುವಿನ ಬಾಧೆಯೂ ಅಲ್ಲ. ತನಗಾಗುತ್ತಿರುವ ನವೆಯನ್ನೋ ನೋವನ್ನೋ ಆ ಮೂಕಪ್ರಾಣಿಯು ಹೀಗೆ ತೋರಿಸಿಕೊಳ್ಳುತ್ತದೆ.

ನಾಯಿಯ ಗುದದ್ವಾರದ ಎರಡು ಪಕ್ಕಗಳಲ್ಲಿ ಚರ್ಮದೊಳಗೆ ಒಂದೊಂದು ಪುಟ್ಟ ಚೀಲವಿದೆ. ಗಡಿಯಾರದ ಮುಖವನ್ನು ನೆನೆದರೆ, 4 ಮತ್ತು 8ರ ಅಂಕೆಗಳಿರುವೆಡೆ ಇವುಗಳ ಸ್ಥಾನ. ಇವುಗಳಲ್ಲಿ ತೀವ್ರವಾದ ದುರ್ವಾಸನೆಯ ದ್ರವವು ಶೇಖರವಾಗುತ್ತದೆ. ಒಂದು ನಾಯಿಯು ಮತ್ತೊಂದರ ಗುರುತು ಹಿಡಿಯುವುದಕ್ಕೆ ಈ ವಾಸನೆಯೂ ನೆರವಾಗುತ್ತದೆ. ಮಲವು ಗಟ್ಟಿಯಾಗಿದ್ದರೆ, ಅದರ ಒತ್ತಡದಿಂದ ಚೀಲಗಳು ತಾವಾಗಿಯೇ ಬರಿದಾಗುತ್ತವೆ. ಹಲವು ದಿನ ಭೇದಿಯಾದರೆ ಆ ಒತ್ತಡವು ದೊರೆಯದೆ ದ್ರವವು ಒಳಗೇ ನಿಂತು ಗಟ್ಟಿಯಾಗುತ್ತದೆ. ಆಗ ನವೆ ಆರಂಭವಾಗುತ್ತದೆ. ಅಲಕ್ಷಿಸಿದರೆ ರೋಗಾಣುಗಳು ಸೇರಿ, ಕೀವು ತುಂಬಿ, ಕುರುವಾಗಿ ಒಡೆಯುವುದೂ ಉಂಟು. ಸಣ್ಣ ಜಾತಿಯ ನಾಯಿಗಳಿಗೂ ಬೊಜ್ಜು ಬೆಳೆದವುಗಳಿಗೂ ಈ ತೊಂದರೆ ಹೆಚ್ಚು.

ಹುಳುವಿನ ಮಾತು ಪೂರ್ತಿ ಸುಳ್ಳಲ್ಲ. ಮೈ ಕಚ್ಚಿಕೊಳ್ಳುವಾಗ ನಾಯಿಯು ಚಿಗಟವನ್ನು ನುಂಗಿದರೆ ಅದರ ಮೂಲಕ ಲಾಡಿಹುಳು ಕರುಳನ್ನು ಸೇರುತ್ತದೆ. ಅದರ ತುಣುಕುಗಳು ಅಕ್ಕಿಕಾಳಿನಂತೆ ಮಲದಲ್ಲಿಯೂ ಬಾಲದ ಬುಡದಲ್ಲಿಯೂ ಕಾಣುತ್ತವೆ. ಹುಳುವಿಗೆ ಔಷಧ ಕೊಟ್ಟು ಚಿಗಟವನ್ನು ಬಿಟ್ಟರೆ ಹುಳು ಮರಳಿ ಬರುತ್ತದೆ. ಚಿಗಟದ ಕಡಿತ ಅಥವಾ ಒಗ್ಗದ ಆಹಾರದಿಂದ ಉಂಟಾಗುವ ಚರ್ಮದ ನವೆಯೂ, ಉದ್ದ ಕೂದಲಿಗೆ ಅಂಟಿ ಒಣಗಿದ ಮಲವೂ ಇತರ ಕಾರಣಗಳು.

ಎಂದೋ ಒಮ್ಮೆ ಉಜ್ಜಿದರೆ ಗಾಬರಿಪಡಬೇಕಾಗಿಲ್ಲ. ಒಂದೆರಡು ದಿನ ಬಿಡದೆ ಉಜ್ಜಿದರೆ, ಹಿಂಭಾಗವನ್ನು ಸದಾ ನೆಕ್ಕುತ್ತಿದ್ದರೆ, ಮೀನು ಕೊಳೆತಂತಹ ನಾತ ಬಂದರೆ ಪಶುವೈದ್ಯರಿಗೆ ತೋರಿಸಬೇಕು. ಗುದದ ಪಕ್ಕದಲ್ಲಿ ಕೆಂಪಾದ ಬಾವು, ರಕ್ತ ಅಥವಾ ಕೀವು ಕಂಡರೆ, ಮಲವಿಸರ್ಜನೆಗೆ ತಿಣುಕಿದರೆ, ಮಂಕಾಗಿ ಅನ್ನ ಬಿಟ್ಟರೆ, ಅಂದೇ ಕರೆದೊಯ್ಯತಕ್ಕದ್ದು. ವಯಸ್ಸಾದ ನಾಯಿಯಲ್ಲಿ ಅಲ್ಲಿ ಗಂಟು ಕಂಡರೆ ತಡಮಾಡಬಾರದು, ಅದು ಅರ್ಬುದವಾಗಿರಲೂಬಹುದು.

ವೈದ್ಯರು ಚೀಲವನ್ನು ಒತ್ತಿ ಬರಿದು ಮಾಡುತ್ತಾರೆ. ಕೀವಿದ್ದರೆ ತೊಳೆದು ಔಷಧ ಕೊಡುತ್ತಾರೆ. ಬಾವು ಬಂದಿರುವಾಗ ಮನೆಯಲ್ಲಿಯೇ ಹಿಸುಕಲು ಹೋದರೆ ಚೀಲವು ಒಳಗೇ ಒಡೆಯಬಹುದು. ನೋವಿಗೆ ನಾಯಿಯು ಯಜಮಾನನನ್ನೇ ಕಚ್ಚಬಹುದು. ಸೀಮೆಎಣ್ಣೆಯನ್ನು ಹಚ್ಚಬಾರದು. ಮನುಷ್ಯರ ನೋವಿನ ಮಾತ್ರೆಗಳು ನಾಯಿಗೆ ವಿಷವಾಗಬಲ್ಲವು.

ಮೈ ಬೊಜ್ಜು ಬೆಳೆಯದಂತೆ ದಿನವೂ ಓಡಾಡಿಸುವುದು, ಊಟವನ್ನು ಥಟ್ಟನೆ ಬದಲಿಸದಿರುವುದು, ನಾರಿನ ಅಂಶಕ್ಕಾಗಿ ಬೇಯಿಸಿದ ಸಿಹಿಗುಂಬಳವನ್ನು ಸ್ವಲ್ಪ ಬೆರೆಸುವುದು, ಚಿಗಟಗಳನ್ನು ದೂರವಿಡುವುದು—ಇವಿಷ್ಟು ಯಜಮಾನನ ಕೈಯಲ್ಲಿವೆ. ನಾಯಿಯು ತೆವಳುವುದನ್ನು ಕಂಡು ಮಕ್ಕಳು ನಕ್ಕಾಗ, ಹಿರಿಯರು ಅದರ ಬಾಲವನ್ನೆತ್ತಿ ಒಮ್ಮೆ ನೋಡಿದರೆ, ಮುಂದೆ ಬರಬಹುದಾದ ದೊಡ್ಡ ನೋವೊಂದು ತಪ್ಪೀತು.