ಹಿತ್ತಿಲ ಬಾಗಿಲು
ದೂರದೂರಿನ ಸರ್ವರ್ ಯಂತ್ರವು ಮೂರ್ಛೆಹೋದರೆ ಅದನ್ನು ಎಚ್ಚರಿಸುವ ಬಗೆ ಹೇಗೆ? ಅನೇಕ ಸರ್ವರುಗಳ ಒಡಲಲ್ಲಿ ಪುಟ್ಟ ಕಾವಲು ಗಣಕವೊಂದಿರುತ್ತದೆ. ದೊಡ್ಡ ಯಂತ್ರವು ಆರಿದರೂ, ವಿದ್ಯುತ್ತಿರುವವರೆಗೆ ಇದು ನಿದ್ರಿಸದು. ಯಂತ್ರಜ್ಞನು ಮನೆಯಿಂದಲೇ ಅದರ ಮೂಲಕ ಯಂತ್ರವನ್ನು ಮರಳಿ ಚಾಲೂ ಮಾಡಬಲ್ಲನು. ಕಾವಲುಗಾರನಿಲ್ಲದ ಯಂತ್ರಕ್ಕೆ ಪರದೆ, ಕೀಲಿಮಣೆಗಳ ತಂತಿಗಳನ್ನು ಸೇರಿಸುವ 'ಕೆ.ವಿ.ಎಂ.' ಪೆಟ್ಟಿಗೆಯುಂಟು. ಇವೇ ಯಂತ್ರದ ಹಿತ್ತಿಲ ಬಾಗಿಲುಗಳು.

ಆದರೆ ಬಾಗಿಲಿಗೆ ಹಾದಿಯೂ ಬೇಕಷ್ಟೆ! 2021ರ ಅಕ್ಟೋಬರ್ 4ರಂದು ಒಂದೇ ಆಜ್ಞೆಯ ದೆಸೆಯಿಂದ ಫೇಸ್‌ಬುಕ್ಕಿನ ಜಾಲವು ಕಡಿದುಬಿದ್ದಾಗ, ಆಪತ್ಕಾಲದ ಹಾದಿಯೂ ಮುಚ್ಚಿಹೋಯಿತು. ಯಂತ್ರಜ್ಞರು ಯಂತ್ರಾಗಾರಗಳಿಗೆ ಖುದ್ದಾಗಿ ಧಾವಿಸಬೇಕಾಯಿತು. ಸೇವೆಯು ಸುಮಾರು 6 ಗಂಟೆ ಸ್ತಬ್ಧವಾಗಿತ್ತು.

ಆದುದರಿಂದಲೇ ಬಲ್ಲವರು ಇಂಥ ಪೆಟ್ಟಿಗೆಗೆ ಪ್ರತ್ಯೇಕವಾದ ಮೊಬೈಲ್ ಸಂಪರ್ಕವನ್ನು ಕೊಡುತ್ತಾರೆ. ಎರಡು ಬಾಗಿಲಿಗೂ ಒಂದೇ ಓಣಿಯಾದರೆ, ಓಣಿಗೆ ಬೇಲಿ ಬಿದ್ದ ದಿನ ಫಲವೇನು?