ಕಪ್ಪು ಎಣ್ಣೆಗೆ ಹೆದರಬೇಡಿ, ಹಾಲುಬಣ್ಣಕ್ಕೆ ಹೆದರಿ

ಪಡಿತರದ ಸೀಮೆಎಣ್ಣೆ ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿರುವುದರಿಂದ ನಮ್ಮ ಕರಾವಳಿಯ ನಾಡದೋಣಿಗಳು ಒಂದೊಂದಾಗಿ ಪೆಟ್ರೋಲ್ ಎಂಜಿನ್‌ಗಳತ್ತ ಹೊರಳುತ್ತಿವೆ. ರಾಜ್ಯ ಸರ್ಕಾರ ಇದಕ್ಕೆ ಸಹಾಯಧನವನ್ನೂ ಘೋಷಿಸಿದೆ. ಸುದ್ದಿಗಳಲ್ಲಿ ಇಂಧನದ ಬೆಲೆಯ ಲೆಕ್ಕಾಚಾರ ಬರುತ್ತದೆ, ಎಣ್ಣೆಯ ಮಾತು ಬರುವುದಿಲ್ಲ. ದೋಣಿಯ ಹಿಂಬದಿಗೆ ಸಿಕ್ಕಿಸುವ ಹಳೆಯ ಸೀಮೆಎಣ್ಣೆ ಎಂಜಿನ್‌ಗಳು, ಅಂದರೆ ಔಟ್‌ಬೋರ್ಡ್‌ಗಳು, ಟೂ-ಸ್ಟ್ರೋಕ್ ಜಾತಿಯವು. ಅವುಗಳಲ್ಲಿ ಎಂಜಿನ್‌ಗೆ ಬೇಕಾದ ಎಣ್ಣೆ ಇಂಧನದೊಂದಿಗೇ ಬೆರೆತು ಒಳಹೋಗಿ, ಉರಿದು, ಹೊಗೆಯಾಗಿ ಹೊರಬೀಳುತ್ತಿತ್ತು. ಬದಲಿಸಲು ಅಲ್ಲಿ ಏನೂ ಉಳಿಯುತ್ತಿರಲಿಲ್ಲ. ಹೊಸ ಫೋರ್-ಸ್ಟ್ರೋಕ್ ಪೆಟ್ರೋಲ್ ಎಂಜಿನ್‌ನಲ್ಲಾದರೋ ಒಂದು ಲೀಟರಿನಷ್ಟು ಎಣ್ಣೆ ತಳದ ತೊಟ್ಟಿಯಲ್ಲಿ ನಿಂತು, ಅದೇ ಮತ್ತೆ ಮತ್ತೆ ಸುತ್ತಿ ಬರುತ್ತದೆ. ಹೀಗಾಗಿ ಮೂವತ್ತು ಮಳೆಗಾಲ ಕಡಲಿಗಿಳಿದವರೂ ಆಯಿಲ್ ಬದಲಿಸುವ ಕೆಲಸದಲ್ಲಿ ಹೊಸಬರೇ. ಅವರು ಕೇಳುವ ಪ್ರಶ್ನೆಗಳೂ ಸಹಜವಾದವು: ಹತ್ತು ಗಂಟೆ ಓಡಿಸುವಷ್ಟರಲ್ಲಿ ಎಣ್ಣೆ ಕಪ್ಪಾಯಿತಲ್ಲ, ಕೆಟ್ಟಿತೇ? ವರ್ಷ ಕಳೆದರೂ ಇನ್ನೂ ಹೊಂಬಣ್ಣದಲ್ಲೇ ಇದೆಯಲ್ಲ, ಯಾಕೆ ಚೆಲ್ಲಬೇಕು? ಎರಡರಲ್ಲೂ ತೀರ್ಪು ಕೊಡುತ್ತಿರುವುದು ಕಣ್ಣು. ಎಂಜಿನ್ ಎಣ್ಣೆಯ ವಿಷಯದಲ್ಲಿ ಕಣ್ಣಿನ ಸಾಕ್ಷ್ಯ ನಂಬಲಾಗದ್ದು, ಪ್ರೊಪೆಲ್ಲರ್ ಬಳಿಯ ಗೇರ್ ಪೆಟ್ಟಿಗೆಯ ಎಣ್ಣೆಯ ವಿಷಯದಲ್ಲಿ ಅದೇ ಕಣ್ಣು ಬಹುಮಟ್ಟಿಗೆ ನಂಬಿಗಸ್ತ ಎಂಬುದು ನನ್ನ ವಾದ.

ಎಣ್ಣೆ ಯಂತ್ರದೊಳಗೆ ಮಾಡುವ ಕೆಲಸವೇನು ಎಂಬುದು ಮನುಷ್ಯನಿಗೆ ತಿಳಿದದ್ದು ತೀರ ಈಚೆಗೆ. ಬಂಡಿಯ ಅಚ್ಚಿಗೆ ಜಿಡ್ಡು ಸವರುವುದು ಸಾವಿರಾರು ವರ್ಷಗಳ ರೂಢಿ. ಆದರೆ ಲೋಹವನ್ನು ಲೋಹದಿಂದ ಎಣ್ಣೆ ಹೇಗೆ ದೂರವಿಡುತ್ತದೆ ಎಂಬುದಕ್ಕೆ ಉತ್ತರದ ಮೊದಲ ಎಳೆ ಸಿಕ್ಕಿದ್ದು ಇಂಗ್ಲೆಂಡಿನಲ್ಲಿ, 1883ರ ಹೊತ್ತಿಗೆ, ಅದೂ ಒಂದು ಬಿರಡೆಯ ಹಟಮಾರಿತನದಿಂದ. ಅಲ್ಲಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಗಾಗಿ ಬೋಶಾಂ ಟವರ್ ಎಂಬಾತ ರೈಲುಗಾಡಿಯ ಅಚ್ಚುಗಳಲ್ಲಿರುವಂಥ ಬೇರಿಂಗ್‌ಗಳನ್ನು ಪರೀಕ್ಷಿಸುತ್ತಿದ್ದ. ತಿರುಗುವ ಅಚ್ಚಿನ ಅಡಿಭಾಗ ಎಣ್ಣೆಯಲ್ಲಿ ಮುಳುಗಿತ್ತು, ಮೇಲೆ ಹಿತ್ತಾಳೆಯ ಅರ್ಧ ಬೇರಿಂಗ್ ಹೊರೆ ಹೊತ್ತು ಕೂತಿತ್ತು. ಎಣ್ಣೆ ಬಿಡಲೆಂದು ಆ ಬೇರಿಂಗಿನ ನೆತ್ತಿಗೆ ರಂಧ್ರ ಕೊರೆದರೆ, ಎಣ್ಣೆ ಒಳಗೆ ಇಳಿಯುವ ಬದಲು ಮೇಲಕ್ಕೆ ಉಕ್ಕತೊಡಗಿತು. ಕಾರ್ಕ್ ಬಿರಡೆ ಜಡಿದರು, ಅದು ಹೊರಬಂತು. ಮರದ ಗೂಟ ಹೊಡೆದರು. ಅದನ್ನೂ ಎಣ್ಣೆ ತಳ್ಳಿಹಾಕಿತು. ಕಡೆಗೆ ಒತ್ತಡಮಾಪಕ ಜೋಡಿಸಿ ನೋಡಿದಾಗ, ಬೇರಿಂಗ್ ಹೊತ್ತಿದ್ದ ಸರಾಸರಿ ಒತ್ತಡದ ಎರಡು ಪಟ್ಟನ್ನೂ ಎಣ್ಣೆಯ ಒತ್ತಡ ಮೀರಿತ್ತು. ಅಂದರೆ ಅಷ್ಟೂ ಹೊರೆಯನ್ನು ಎತ್ತಿ ಹಿಡಿದಿದ್ದದ್ದು ಎಣ್ಣೆಯ ಒಂದು ತೆಳು ಪದರ. ಹಿತ್ತಾಳೆ ಉಕ್ಕನ್ನು ಮುಟ್ಟುತ್ತಲೇ ಇರಲಿಲ್ಲ. ಮ್ಯಾಂಚೆಸ್ಟರಿನ ಪ್ರಾಧ್ಯಾಪಕ ಆಸ್ಬರ್ನ್ ರೆನಾಲ್ಡ್ಸ್ ಈ ವರದಿಯನ್ನು ಓದಿ 1886ರಲ್ಲಿ ಗಣಿತ ಕಟ್ಟಿಕೊಟ್ಟ. ತಿರುಗುವ ಅಚ್ಚು ಎಣ್ಣೆಯನ್ನು ತನ್ನೊಂದಿಗೆ ಎಳೆದುಕೊಂಡು ಕಿರಿದಾಗುತ್ತ ಹೋಗುವ ಸಂದಿಗೆ ತುರುಕುತ್ತದೆ, ಇಕ್ಕಟ್ಟಿನಲ್ಲಿ ಒತ್ತಡ ಹುಟ್ಟುತ್ತದೆ, ಆ ಒತ್ತಡವೇ ಅಚ್ಚನ್ನು ತೇಲಿಸುತ್ತದೆ. ಪದರದ ದಪ್ಪವನ್ನು ನಿರ್ಧರಿಸುವ ಮೂರು ಸಂಗತಿಗಳು ವೇಗ, ಹೊರೆ ಮತ್ತು ಎಣ್ಣೆಯ ಸ್ನಿಗ್ಧತೆ, ಅಂದರೆ ಅದು ಎಷ್ಟು ಮಂದವಾಗಿ ಹರಿಯುತ್ತದೆ ಎಂಬುದು. ದೋಣಿಯ ಎಂಜಿನ್‌ನಲ್ಲೂ ಕ್ರ್ಯಾಂಕ್ ಶಾಫ್ಟ್ ತೇಲುವುದು ಹೀಗೆಯೇ, ಕೆಲವೇ ಮೈಕ್ರಾನ್ ದಪ್ಪದ ಎಣ್ಣೆಯ ಮೇಲೆ. ಈ ಮೂರರಲ್ಲಿ ಎಲ್ಲಿಯೂ ಬಣ್ಣದ ಮಾತಿಲ್ಲ ಎಂಬುದನ್ನು ಗಮನಿಸಬೇಕು.

ಹಾಗಾದರೆ ಕಪ್ಪು ಎಲ್ಲಿಂದ ಬಂತು? ಎಂಜಿನ್ ಎಣ್ಣೆಗೆ ಬೆರೆಸಿರುವ ರಾಸಾಯನಿಕಗಳಲ್ಲಿ ಕೆಲವು ಮಸಿಯ ಕಣಗಳನ್ನು ಸುತ್ತುವರಿದು, ಅವು ಒಂದಕ್ಕೊಂದು ಅಂಟಿ ಗಸಿಯಾಗದಂತೆ ಎಣ್ಣೆಯಲ್ಲೇ ತೇಲಿಸಿ ಇಡುತ್ತವೆ. ಇನ್ನು ಕೆಲವು ಪಿಸ್ಟನ್ನಿನ ಬಿಸಿ ಗೋಡೆಗೆ ಜಿಗುಟು ಕಟ್ಟದಂತೆ ತೊಳೆಯುತ್ತವೆ, ಆಮ್ಲವನ್ನು ತಟಸ್ಥಗೊಳಿಸುತ್ತವೆ. ಈ ಕೆಲಸ ಸರಿಯಾಗಿ ನಡೆದರೆ ಕೊಳೆಯೆಲ್ಲ ಎಣ್ಣೆಗೆ ಬಂದು ಅದು ಕಪ್ಪಾಗಲೇಬೇಕು. ಕಾಯ್ದ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಕೂಡಿಯೂ ಒಂದಿಷ್ಟು ಕಂದಾಗುತ್ತದೆ. ಅಷ್ಟರಿಂದಲೇ ಸ್ನಿಗ್ಧತೆ ಕುಸಿದು ಬೀಳುವುದಿಲ್ಲ. ಹತ್ತು ಗಂಟೆಗೆ ಕಪ್ಪಾದ ಎಣ್ಣೆಯನ್ನು ಗಾಬರಿಯಿಂದ ಚೆಲ್ಲುವವರು ಒಳ್ಳೆಯ ಎಣ್ಣೆಯನ್ನೇ ಚೆಲ್ಲುತ್ತಿರುತ್ತಾರೆ.

ನಿಜವಾದ ಕೇಡು ಕಣ್ಣಿಗೆ ಬೀಳದೆ ಬರುತ್ತದೆ. ಕಾರಿನ ಎಂಜಿನ್ ಸುಮಾರು 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೆಲೆಗೊಳ್ಳುವಂತೆ ರೂಪಿತವಾದದ್ದು. ಔಟ್‌ಬೋರ್ಡ್ ಹಾಗಲ್ಲ. ಅದು ದೋಣಿಯಡಿಯ ನೀರನ್ನೇ ಹೀರಿ ಮೈ ತಂಪು ಮಾಡಿಕೊಳ್ಳುತ್ತದೆ. ಉಪ್ಪುನೀರು ಹೆಚ್ಚು ಕಾಯ್ದರೆ ಕೊಳವೆಗಳಲ್ಲಿ ಲವಣ ಕಟ್ಟುತ್ತದೆಂದು ಹಲವು ಎಂಜಿನ್‌ಗಳ ಥರ್ಮೋಸ್ಟಾಟ್ 60 ಡಿಗ್ರಿಯ ಆಸುಪಾಸಿನಲ್ಲೇ ತೆರೆದುಕೊಳ್ಳುತ್ತದೆ. ಇಂಥ ತಣ್ಣನೆಯ ಎಂಜಿನ್‌ನಲ್ಲಿ ಪಿಸ್ಟನ್ ರಿಂಗ್‌ಗಳ ಸಂದಿಯಿಂದ ಎಣ್ಣೆಗೆ ಇಳಿದ ಪೆಟ್ರೋಲ್ ಮತ್ತು ನೀರಿನಾವಿ ಮತ್ತೆ ಆರಿಹೋಗಲು ಬೇಕಾದಷ್ಟು ಕಾವು ಸಿಗುವುದಿಲ್ಲ. ಬಲೆ ಎಳೆಯುವಾಗ ಎಂಜಿನ್ ನಿಧಾನಕ್ಕೆ ಗುನುಗುತ್ತಿರುವ ಹೊತ್ತು ಹೆಚ್ಚಿದಷ್ಟೂ ಇದು ಹೆಚ್ಚು. ಪೆಟ್ರೋಲ್ ಬೆರೆತ ಎಣ್ಣೆ ತೆಳುವಾಗುತ್ತದೆ, ರೆನಾಲ್ಡ್ಸನ ಲೆಕ್ಕದಲ್ಲಿ ಪದರ ಕರಗುತ್ತದೆ. ನೋಟಕ್ಕೋ, ಅದು ಹೊಂಬಣ್ಣದಲ್ಲೇ ಇರಬಹುದು. ಇದನ್ನು ಹಿಡಿಯುವ ಉಪಾಯ ಒಂದಿದೆ, ಬಣ್ಣ ಬಿಟ್ಟು ಮಟ್ಟ ನೋಡುವುದು. ಅಳತೆಕಡ್ಡಿಯ ಮೇಲೆ ಎಣ್ಣೆಯ ಮಟ್ಟ ದಿನಗಳೆದಂತೆ ಏರುತ್ತಿದ್ದರೆ ಎಂಜಿನ್ ಎಣ್ಣೆ ಕುಡಿಯುತ್ತಿಲ್ಲವೆಂದು ಸಂತೋಷಪಡುವಂತಿಲ್ಲ, ಇಂಧನ ಒಳಸೇರುತ್ತಿದೆ. ಪೆಟ್ರೋಲಿನಲ್ಲಿ ಎಥನಾಲ್ ಪಾಲು 20 ಪ್ರತಿಶತಕ್ಕೆ ಏರಿರುವ ಈ ದಿನಗಳಲ್ಲಿ ಇನ್ನೊಂದು ಚಿಂತೆ ಸೇರಿಕೊಂಡಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಕಡಲಂಚಿನಲ್ಲಿ ತೇವಕ್ಕೆ ಬರವಿಲ್ಲ. ಹೆಚ್ಚಿನ ಔಟ್‌ಬೋರ್ಡ್ ತಯಾರಕರು ಕೈಪಿಡಿಯಲ್ಲಿ 10 ಪ್ರತಿಶತದ ಮಿತಿ ಹಾಕಿದ್ದಾರೆ. ಈ ವಿಷಯ ಬಂಕಿನಲ್ಲಿ ಯಾರೂ ಹೇಳುವುದಿಲ್ಲವಾದ್ದರಿಂದ ಇಲ್ಲಿ ಹೇಳಬೇಕಾಯಿತು.

ಕಾರಿನ ಎಣ್ಣೆ 10,000 ಕಿಲೋಮೀಟರ್ ಬಾಳುವಾಗ ದೋಣಿಯ ಎಣ್ಣೆ ಬದಲಿಸಲು ಕೈಪಿಡಿಗಳಲ್ಲಿ ಏಕೆ ನೂರು ಗಂಟೆಯ ಮಿತಿ ಎಂಬ ಆಕ್ಷೇಪ ಇಲ್ಲಿ ಬರಬೇಕಾದದ್ದೇ. ಕಾರು ರಸ್ತೆಯಲ್ಲಿ ಓಡುವಾಗ ತನ್ನ ಶಕ್ತಿಯ ಸಣ್ಣ ಪಾಲನ್ನಷ್ಟೇ ಬಳಸುತ್ತದೆ. ಇಳಿಜಾರಿನಲ್ಲಿ ಉರುಳುತ್ತದೆ, ಮೇಲಿನ ಗೇರಿನಲ್ಲಿ ವಿಶ್ರಮಿಸುತ್ತದೆ. ನೀರಿನಲ್ಲಿ ಇಳಿಜಾರಿಲ್ಲ. ಆ್ಯಕ್ಸಿಲರೇಟರ್ ಬಿಟ್ಟೊಡನೆ ದೋಣಿ ನಿಲ್ಲತೊಡಗುತ್ತದೆ, ಮುಂದಕ್ಕೆ ಹೋಗಲು ಇರುವುದು ಒಂದೇ ಗೇರು. ತುಂಬಿದ ದೋಣಿಯನ್ನು ತಳ್ಳುವ ಎಂಜಿನ್‌ನ ಪಾಡು, ಕೊನೆಯೇ ಇಲ್ಲದ ಆಗುಂಬೆ ಘಾಟಿಯನ್ನು ಮೂಟೆ ಹೇರಿಕೊಂಡು ಏರುತ್ತಲೇ ಇರುವ ವಾಹನದ ಪಾಡು. ನಿಮಿಷಕ್ಕೆ ನಾಲ್ಕೈದು ಸಾವಿರ ಸುತ್ತು ಗಂಟೆಗಟ್ಟಲೆ ತಿರುಗುವುದು ಅದಕ್ಕೆ ಮಾಮೂಲು. ಆದ್ದರಿಂದ ಕಿಲೋಮೀಟರನ್ನು ಗಂಟೆಗೆ ಪರಿವರ್ತಿಸಿ ಹೋಲಿಸುವುದು ಸರಿಯಲ್ಲ. ಕಾರಿನ ಎಣ್ಣೆಯನ್ನೇ ಸುರಿದರಾಯಿತು ಎನ್ನುವುದಕ್ಕೂ ಇದೇ ತಕರಾರು. ಅಲ್ಲದೆ ದೋಣಿಗೆಂದೇ ಎಫ್‌ಸಿ-ಡಬ್ಲ್ಯೂ ಗುರುತು ಪಡೆದ ಎಣ್ಣೆಗಳನ್ನು ತುಕ್ಕು ತಡೆಯುವ ಶಕ್ತಿಗಾಗಿ ಪ್ರತ್ಯೇಕವಾಗಿ ಪರೀಕ್ಷಿಸಿರುತ್ತಾರೆ.

ನೂರು ಗಂಟೆ ಎಂಬುದು ಎಣ್ಣೆ ಮಾರುವವರ ಲೆಕ್ಕ ಎಂಬ ಸಂಶಯ ಇನ್ನೂ ಗಟ್ಟಿಯಾದದ್ದು, ಅದರಲ್ಲಿ ಹುರುಳೂ ಇದೆ. ನೂರು ಎಂಬುದು ಪ್ರಕೃತಿನಿಯಮವಲ್ಲ, ಜೋಪಾನದ ಕಡೆಗೆ ವಾಲಿಸಿ ಇಟ್ಟ ದುಂಡು ಸಂಖ್ಯೆ. ಪ್ರಯೋಗಾಲಯದಲ್ಲಿ ಪರೀಕ್ಷಿಸಿದರೆ ಎಷ್ಟೋ ಎಣ್ಣೆಗಳು ಅದಕ್ಕಿಂತ ಹೆಚ್ಚು ಬಾಳಿಯಾವು. ಆದರೆ ಒಂದು ಲೀಟರ್ ಎಣ್ಣೆಗಾಗಿ ಅಂಥ ಪರೀಕ್ಷೆಗೆ ಹಣ ಹಾಕುವುದರಲ್ಲಿ ಅರ್ಥವಿಲ್ಲ. ನಾನು ಒಪ್ಪದಿರುವುದು ಅದರ ಜೊತೆಗಿರುವ ಇನ್ನೊಂದು ಷರತ್ತನ್ನು ಕಡೆಗಣಿಸುವುದನ್ನು: ನೂರು ಗಂಟೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಅದು. ಓಡದೆ ನಿಂತ ಎಂಜಿನ್‌ನ ಎಣ್ಣೆ ಸವೆಯುವುದಿಲ್ಲ ನಿಜ. ಆದರೆ ಅದರೊಳಗೆ ಸೇರಿಕೊಂಡ ನೀರು ಮತ್ತು ಆಮ್ಲ ಬೇರಿಂಗ್‌ನ ಮೈ ತಿನ್ನಲು ಎಂಜಿನ್ ಓಡಬೇಕಾಗಿಲ್ಲ. ಆದ್ದರಿಂದ ಎಂಜಿನ್ ಎತ್ತಿಡುವ ಮುನ್ನವೇ ಬದಲಿಸಬೇಕು, ಮತ್ತೆ ಇಳಿಸುವಾಗ ನೋಡಿಕೊಂಡರಾಯಿತು ಎನ್ನಬಾರದು. ಜೂನ್, ಜುಲೈ ತಿಂಗಳುಗಳ ಮೀನುಗಾರಿಕೆ ನಿಷೇಧದಿಂದ 10 ಅಶ್ವಶಕ್ತಿಯವರೆಗಿನ ನಾಡದೋಣಿಗಳಿಗೆ ವಿನಾಯಿತಿ ಇರುವುದರಿಂದ ಅವುಗಳ ಬಿಡುವಿನ ಕಾಲ ಟ್ರಾಲ್ ದೋಣಿಗಳದ್ದಲ್ಲ. ದಿನಾಂಕವನ್ನು ಅವರವರೇ ಗೊತ್ತುಮಾಡಿಕೊಳ್ಳಬೇಕು. ಹೊಸ ಎಂಜಿನ್ ಆದರೆ ಮೊದಲ 20 ಗಂಟೆಗೇ ಬದಲಿಸಬೇಕೆಂದು ಹೆಚ್ಚಿನ ಕೈಪಿಡಿಗಳು ಹೇಳುತ್ತವೆ, ಹೊಸ ಲೋಹದ ಮೈ ಒಂದಕ್ಕೊಂದು ಹೊಂದಿಕೊಳ್ಳುವಾಗ ಉದುರಿದ ಸಣ್ಣ ಚೂರುಗಳು ಆ ಎಣ್ಣೆಯಲ್ಲಿರುತ್ತವೆ.

ಈಗ ಪ್ರೊಪೆಲ್ಲರ್‌ನ ಮುಂದಿರುವ ಗೇರ್ ಪೆಟ್ಟಿಗೆ. ಅದರ ಎಣ್ಣೆ ಬೇರೆ, ಕಷ್ಟ ಬೇರೆ. ಈ ಎಣ್ಣೆ ಸೀಮೆಎಣ್ಣೆ ಎಂಜಿನ್‌ಗಳಲ್ಲೂ ಇತ್ತು, ಹಾಗಾಗಿ ಹಳಬರಿಗೆ ಗೊತ್ತು. ಆದರೂ ತಾತ್ಸಾರಕ್ಕೆ ಹೆಚ್ಚು ಗುರಿಯಾಗುವುದು ಇದೇ. ಸದಾ ನೀರಿನಲ್ಲಿ ಮುಳುಗಿರುವ ಆ ಪೆಟ್ಟಿಗೆಗೂ ಕಡಲಿಗೂ ನಡುವೆ ಇರುವುದು ರಬ್ಬರಿನ ಆಯಿಲ್ ಸೀಲ್ ಮಾತ್ರ. ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಂಡ ಬಲೆಯ ನೂಲು ಅಥವಾ ಗಾಳದ ದಾರ ಅದನ್ನು ಕೊಯ್ದರೆ ನೀರು ಒಳಬರುತ್ತದೆ. ಗೇರಿನ ಹಲ್ಲುಗಳು ಮುಟ್ಟುವ ಜಾಗ ಎಷ್ಟು ಕಿರಿದೆಂದರೆ ಅಲ್ಲಿನ ಒತ್ತಡ ವಾಯುಭಾರದ ಸಾವಿರಾರು ಪಟ್ಟು. ಅಷ್ಟು ಒತ್ತಡದಲ್ಲಿ ಎಣ್ಣೆ ವಿಚಿತ್ರವಾಗಿ ವರ್ತಿಸುತ್ತದೆ: ಅದರ ಸ್ನಿಗ್ಧತೆ ಏರಿ ಏರಿ, ಕ್ಷಣಕಾಲ ಅದು ಹೆಚ್ಚುಕಡಿಮೆ ಘನವಸ್ತುವೇ ಆಗುತ್ತದೆ, ಹಲ್ಲುಗಳು ಒಂದಕ್ಕೊಂದು ಉಜ್ಜದಂತೆ ತಡೆಯುತ್ತದೆ. ನೀರಿಗೆ ಈ ಗುಣವಿಲ್ಲ. ಎಷ್ಟು ಒತ್ತಿದರೂ ಅದು ಬಹುಮಟ್ಟಿಗೆ ತೆಳ್ಳಗೇ ಉಳಿಯುತ್ತದೆ. ಸಂದಿಯೊಳಗೆ ನೀರಿನ ಹನಿ ಹೊಕ್ಕಲ್ಲಿ ಪದರ ಹರಿಯುತ್ತದೆ. 1977ರಲ್ಲಿ ಆರ್.ಇ. ಕ್ಯಾಂಟ್ಲಿ ಪ್ರಕಟಿಸಿದ ಬೇರಿಂಗ್ ಪ್ರಯೋಗಗಳ ಪ್ರಕಾರ, ಎಣ್ಣೆಯಲ್ಲಿನ ನೀರು ಹತ್ತು ಲಕ್ಷಕ್ಕೆ 100 ಪಾಲಿನಿಂದ 400 ಪಾಲಿಗೆ ಏರಿದರೆ ಬೇರಿಂಗ್‌ನ ಬಾಳಿಕೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. 400 ಪಾಲೆಂದರೆ ಲೀಟರಿಗೆ ಅರ್ಧ ಮಿಲಿಲೀಟರಿಗೂ ಕಡಿಮೆ. ಇದಕ್ಕಿಂತ ಬಹಳ ಹೆಚ್ಚು ನೀರು ಸೇರಿ, ಗೇರುಗಳು ಅದನ್ನು ಕಡೆದಾಗ ನೀರು ಸಣ್ಣ ಹನಿಗಳಾಗಿ ಒಡೆದು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ, ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಇಲ್ಲಿ ಕಣ್ಣು ಸುಳ್ಳು ಹೇಳುವುದಿಲ್ಲ. ಆದರೆ ತಡವಾಗಿ ಹೇಳುತ್ತದೆ. ಹಾಲುಬಣ್ಣ ಕಂಡಮೇಲೆ ಎಣ್ಣೆ ಬದಲಿಸಿ ಸುಮ್ಮನಾಗುವಂತಿಲ್ಲ, ಸೀಲ್ ಬದಲಿಸಲೇಬೇಕು. ಎಂಜಿನ್ ತೊಟ್ಟಿಯ ಎಣ್ಣೆಯೇ ಹಾಲಾದರೆ ನೀರು ತಂಪುಕೊಳವೆಗಳಿಂದ ಒಳಬಂದಿರಬಹುದು, ಆಗ ಮೆಕ್ಯಾನಿಕ್‌ನ ಹತ್ತಿರ ಹೋಗುವುದೇ ಸರಿ.

ಗೇರ್ ಎಣ್ಣೆ ಬದಲಿಸುವ ರೀತಿಯಲ್ಲೂ ಒಂದಿಷ್ಟು ಭೌತಶಾಸ್ತ್ರವಿದೆ. ಎಂಜಿನನ್ನು ನೆಟ್ಟಗೆ ನಿಲ್ಲಿಸಿ, ಒಂದು ರಾತ್ರಿ ಹಾಗೇ ಬಿಟ್ಟು, ಕೆಳಗಿನ ಬೋಲ್ಟನ್ನು ತುಸುವೇ ಸಡಿಲಿಸಿದರೆ, ಭಾರವಾದ ನೀರು ತಳದಲ್ಲಿ ನಿಂತಿದ್ದರೆ ಅದೇ ಮೊದಲು ಹೊರಬರುತ್ತದೆ. ಮೇಲಿನ ಬೋಲ್ಟನ್ನೂ ತೆಗೆಯದೆ ಎಣ್ಣೆ ಸರಾಗವಾಗಿ ಇಳಿಯದು, ಗಾಳಿ ಒಳಹೋಗಲು ದಾರಿ ಬೇಕು. ತುಂಬುವುದು ಮಾತ್ರ ಕೆಳಗಿನಿಂದಲೇ. ಮೇಲಿನಿಂದ ಸುರಿದರೆ ದಪ್ಪ ಎಣ್ಣೆಯಡಿ ಗಾಳಿ ಸಿಕ್ಕಿಕೊಂಡು, ಪೆಟ್ಟಿಗೆ ತುಂಬಿದಂತೆ ಕಂಡರೂ ಅರೆಖಾಲಿ ಉಳಿಯುತ್ತದೆ. ಕೆಳಗಿನ ರಂಧ್ರದಿಂದ ಪಂಪ್ ಮಾಡುತ್ತ ಹೋದರೆ ಎಣ್ಣೆ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ, ಮೇಲಿನ ರಂಧ್ರದಲ್ಲಿ ಗುಳ್ಳೆಯಿಲ್ಲದ ಎಣ್ಣೆ ಹನಿಯತೊಡಗಿದಾಗ ಸಾಕು. ಆಮೇಲೆ ಮೊದಲು ಮೇಲಿನ ಬೋಲ್ಟ್, ಅನಂತರ ಪಂಪ್ ಕಿತ್ತು ಚುರುಕಾಗಿ ಕೆಳಗಿನ ಬೋಲ್ಟ್. ಮೇಲೆ ಗಾಳಿಗೆ ದಾರಿಯಿಲ್ಲದಿದ್ದರೆ ಕೆಳಗೆ ಎಣ್ಣೆ ಹೆಚ್ಚು ಸೋರದು. ಎರಡಕ್ಕೂ ಹೊಸ ವಾಷರ್ ಹಾಕಬೇಕು. ಕೆಲವು ರೂಪಾಯಿಯ ಈ ವಾಷರ್‌ನಲ್ಲಿ ಉಳಿತಾಯ ಮಾಡಿ ಗೇರ್ ಪೆಟ್ಟಿಗೆಗೆ ನೀರು ಬಿಟ್ಟುಕೊಳ್ಳುವುದು ದುಬಾರಿ ಕೆಲಸ. ಬೋಲ್ಟಿನ ತುದಿಯಲ್ಲಿ ಅಯಸ್ಕಾಂತವಿದ್ದರೆ ಅದಕ್ಕಂಟಿದ ಬೂದು ಲೇಪ ಸಹಜ ಸವೆತ, ಉಗುರಿಗೆ ತಾಕುವ ಚೂರುಗಳಿದ್ದರೆ ಗೇರಿನ ಹಲ್ಲು ಮುರಿಯುತ್ತಿದೆ. ಎಂಜಿನ್ ಎಣ್ಣೆಯ ಕೆಲಸ ಇದಕ್ಕಿಂತ ಸುಲಭ. ನೀರಿನ ವ್ಯವಸ್ಥೆ ಮಾಡಿಕೊಂಡು ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗಾಗಿಸಿ, ನಿಲ್ಲಿಸಿ, ಬಸಿದು, ಫಿಲ್ಟರ್ ಇದ್ದರೆ ಬದಲಿಸಿ, ಕಡ್ಡಿಯ ಗುರುತು ಮೀರದಂತೆ ತುಂಬುವುದು. ನೀರಿಲ್ಲದೆ ಓಡಿಸಿದರೆ ಪಂಪಿನ ರಬ್ಬರ್ ಚಕ್ರ ಬಹುಬೇಗ ಸುಟ್ಟುಹೋಗುತ್ತದೆ.

ಬಸಿದ ಎಣ್ಣೆಯ ಗತಿಯೂ ಈ ಕೆಲಸದ ಭಾಗವೇ. ಲಂಡನ್ನಿನ ಕ್ಲಾಫಂ ಕೊಳದಲ್ಲಿ ಒಂದು ಚಮಚದಷ್ಟು ಎಣ್ಣೆ ಅರ್ಧ ಎಕರೆಯಷ್ಟು ನೀರಿನ ಮೇಲೆ ಹರಡಿದ್ದನ್ನು ಬೆಂಜಮಿನ್ ಫ್ರಾಂಕ್ಲಿನ್ 1774ರಲ್ಲೇ ವರದಿ ಮಾಡಿದ್ದ. ಅಲೆಗಳನ್ನು ಶಾಂತಗೊಳಿಸುವ ಪ್ರಯೋಗ ಅದು. ಒಂದು ಎಂಜಿನ್‌ನಿಂದ ಬಸಿಯುವುದು ಚಮಚದ ಲೆಕ್ಕದಲ್ಲಿ ಸುಮಾರು ಇನ್ನೂರು. ಮಸಿಯನ್ನೂ ಲೋಹದ ಪುಡಿಯನ್ನೂ ಹೊತ್ತ ಆ ಎಣ್ಣೆ ಅಳಿವೆಗೆ ಸೇರಿದರೆ, ಮೀನು ಮೊಟ್ಟೆಯಿಡುವ ನೀರಿಗೇ ಸೇರಿದಂತೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ಎಣ್ಣೆಯನ್ನು ತಮ್ಮ ವ್ಯಾಪ್ತಿಗೆ ತಂದಿವೆ, ಅದನ್ನು ಪರವಾನಗಿ ಪಡೆದ ಮರುಶುದ್ಧೀಕರಣ ಘಟಕಗಳಿಗೆ ತಲುಪಿಸಬೇಕು. ಒಬ್ಬೊಬ್ಬರ ಒಂದೊಂದು ಲೀಟರಿಗಾಗಿ ಯಾರೂ ಬರುವುದಿಲ್ಲವಾದ್ದರಿಂದ ಬಂದರಿನಲ್ಲಿ, ಮೀನುಗಾರರ ಸಹಕಾರ ಸಂಘದ ಅಂಗಳದಲ್ಲಿ ಮುಚ್ಚಳವಿರುವ ಒಂದು ಪೀಪಾಯಿ ಇಟ್ಟು, ತುಂಬಿದಾಗ ಒಟ್ಟಿಗೆ ಸಾಗಿಸುವ ಏರ್ಪಾಡು ಆಗಬೇಕು. ಎಂಜಿನ್ ಕೊಳ್ಳಲು ಸಹಾಯಧನ ಕೊಡುವ ಇಲಾಖೆ ಆ ಪೀಪಾಯಿಯ ಖರ್ಚನ್ನೂ ಅದೇ ಯೋಜನೆಗೆ ಸೇರಿಸಲಿ.